ಮೈಕ್ ಸೆಟ್ಟಿನವನ ಮಗ

ಯಾವ ಮೈದಾನದಲ್ಲಿ ಯಾರು ಭಾಷಣ ಮಾಡಿದರೂ ಅದು ಕೊನೆಯ ಸಾಲಿನಲ್ಲಿ ತೂಕಡಿಸುತ್ತ ಕೂತ ಮುದುಕನಿಗೂ ಕೇಳುವಂತೆ ಮಾಡುವುದು ಮೈಕಣ್ಣನ ಕಸುಬು. ಮದುವೆ, ಶಾಲೆಯ ವಾರ್ಷಿಕೋತ್ಸವ, ಕಾರ್ಖಾನೆಯವರ ಮುಷ್ಕರ, ಯಾರಾದರೂ ದೊಡ್ಡವರು ಹೋದರೆ ಸಂತಾಪ ಸಭೆ, ಎಲ್ಲಕ್ಕೂ ಅವನದೇ ಮೈಕು, ಅವನದೇ ಸ್ಪೀಕರ್ ಪೆಟ್ಟಿಗೆ. ಇಪ್ಪತ್ತೆಂಟು ವರ್ಷದಿಂದ ಊರಿನ ಮಾತನ್ನೆಲ್ಲ ದೊಡ್ಡದು ಮಾಡಿಕೊಟ್ಟ ಈ ಮನುಷ್ಯನಿಗೆ ಸ್ವಂತ ಮಗನ ಬಾಯಿಂದ ದಿನಕ್ಕೆ ನಾಲ್ಕು ಮಾತು ಕೇಳುವ ಯೋಗವಿರಲಿಲ್ಲ.

ಮಗನಿಗೆ ಇಪ್ಪತ್ತೊಂದು. ಮನೆಯಲ್ಲಿ ಈಗಲೂ ಮರಿ ಎಂದೇ ಕರೆಯುತ್ತಾರೆ. ಹಿಂದಿನ ವರ್ಷದವರೆಗೂ ಕಾಲೇಜಿಗೆ ಹೋಗಿಕೊಂಡು, ರಜೆಯಲ್ಲಿ ಅಪ್ಪನ ಜೊತೆ ಪೆಟ್ಟಿಗೆ ಹೊತ್ತುಕೊಂಡು ಚೆನ್ನಾಗಿಯೇ ಇದ್ದ. ಆಮೇಲೆ ಊಟ ಬಿಟ್ಟ, ಕಾಲೇಜು ಬಿಟ್ಟ, ಕಿಟಕಿಗೆ ಬೆಡ್‌ಶೀಟ್ ಕಟ್ಟಿಕೊಂಡು ಕೂತ. ಒಂದು ಮಧ್ಯಾಹ್ನ ಮನೆಯ ಮುಂದಿನ ಕೋಣೆಯಲ್ಲಿದ್ದ ಅಂಗಡಿಗೆ ನುಗ್ಗಿ ಅಡುಗೆಮನೆಯ ಕತ್ತರಿಯಿಂದ ಹನ್ನೆರಡು ಮೈಕುಗಳ ವೈರನ್ನೂ ಕತ್ತರಿಸಿ ಹಾಕಿದ. ಅವುಗಳ ಮೂಲಕ ಯಾರೋ ತನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾರೆ, ಅವರು ತನ್ನನ್ನು ಬೈಯುವುದೂ ತನಗೆ ಕೇಳುತ್ತಿದೆ ಎಂದು ಅತ್ತ. ಡಾಕ್ಟರು ನೋಡಿ, ಇದು ಮನಸ್ಸಿನ ಕಾಯಿಲೆ, ಈಗಷ್ಟೇ ಶುರುವಾಗಿದೆ, ಬೇಗ ಕರೆದುಕೊಂಡು ಬಂದಿರಿ, ಅದೇ ದೊಡ್ಡದು ಎಂದರು.

ಮೈಕಣ್ಣ ಅದೇ ವಾರ ಮೂರು ಬೀದಿ ಆಚೆ ಒಂದು ಶೆಡ್ಡು ಬಾಡಿಗೆಗೆ ಹಿಡಿದು ಇಡೀ ಅಂಗಡಿಯನ್ನು ಅಲ್ಲಿಗೆ ಸಾಗಿಸಿದ. ಖಾಲಿಯಾದ ಕೋಣೆಯನ್ನು ಮಗನಿಗೆ ತೋರಿಸಿ, "ಇನ್ಮೇಲೆ ನನ್ನದೊಂದು ತುಂಡು ವೈರೂ ಈ ಹೊಸ್ತಿಲು ದಾಟಲ್ಲ, ಮರಿ. ಮಾತು ಕೊಟ್ಟಿದ್ದೀನಿ" ಎಂದ. ಮರಿ ಮೂಲೆಮೂಲೆ ನೋಡಿ ತಲೆಯಾಡಿಸಿದ. ಅವತ್ತು ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಮಾತ್ರೆಯಿಂದ ಆ ದನಿಗಳು ಕಡಿಮೆಯಾದವು. ಮನೆಯಲ್ಲಿ ಮರಿಯ ದನಿಯೂ ಕಡಿಮೆಯಾಯಿತು. ಆಗ ಡಾಕ್ಟರು ಮಾತುಕತೆಯ ಗುಂಪಿಗೆ ಕಳಿಸಿ ಎಂದರು. ಆರೋಗ್ಯ ಕೇಂದ್ರದ ಮೇಲಿನ ಮಹಡಿಯ ಹಾಲ್, ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು, ಮರಿಯಂಥವರೇ ಎಂಟು ಜನ ಹುಡುಗ ಹುಡುಗಿಯರು, ನಡೆಸಿಕೊಡಲು ಒಬ್ಬ ಮೇಡಂ. ಪ್ರತಿ ಬುಧವಾರ ನಾಲ್ಕು ಗಂಟೆಗೆ. ಮೊದಲ ದಿನವೇ ಒಂದು ಕಾಗದ ಕೊಟ್ಟಿದ್ದರು: ಇಲ್ಲಿ ಆಡಿದ ಮಾತು ಇಲ್ಲೇ ಇರಬೇಕು, ಮನೆಯವರು ಕೇಳಬಾರದು. ಮೈಕಣ್ಣನ ಹೆಂಡತಿ ಹೋಟೆಲುಗಳ ಚಾದರ ಒಗೆಯುವ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಬರೆದದ್ದನ್ನು ಬರೆದ ಹಾಗೆಯೇ ಪಾಲಿಸುವ ಜಾತಿ. ಆ ಕಾಗದವನ್ನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿಬಿಟ್ಟಳು.

ಮೈಕಣ್ಣನಿಗೆ ಮಾತ್ರ ತಡೆಯಲಾಗುತ್ತಿರಲಿಲ್ಲ.

"ಏನಾಯ್ತು ಇವತ್ತು?"

"ಮಾತಾಡಿದ್ವಿ."

"ಏನ್ ಮಾತಾಡಿದ್ರಿ?"

"ಹಿಂಗೇ."

"ರೀ, ಕಾಗದ ನೋಡಿ" ಎಂದು ಹೆಂಡತಿ ಕಪಾಟಿನ ಕಡೆ ಬೆರಳು ತೋರಿಸುವಳು.

"ಮಾತಾಡೋಕೆ ಅಂತ ಹೋಗಿ ಮಾತೆಲ್ಲ ಅಲ್ಲೇ ಖಾಲಿ ಮಾಡ್ಕೊಂಡು ಬರ್ತಾನಲ್ಲ" ಎನ್ನುವಳು ಅಜ್ಜಿ, ಅಂದರೆ ಮೈಕಣ್ಣನ ತಾಯಿ. "ಮನೆಗೆ ಒಂಚೂರು ಪಾರ್ಸೆಲ್ ತರಬಾರದಾ, ಮರಿ?"

ಮರಿ ಸಣ್ಣಗೆ ನಗುವನು. ಅಜ್ಜಿಯ ಮುಂದೆ ಕೂತು ಆಲೂಗಡ್ಡೆ ಸುಲಿದುಕೊಡುವನು. ಅಷ್ಟಾದರೂ ಆಯಿತಲ್ಲ ಎಂದು ಮನೆಯವರಿಗೆ ಸಮಾಧಾನ.

ಮೂರನೇ ಬುಧವಾರ ಮಗನನ್ನು ಕರೆತರಲು ಮೈಕಣ್ಣ ಸ್ವಲ್ಪ ಬೇಗನೇ ಹೋಗಿದ್ದ. ಮೆಟ್ಟಿಲ ಕೆಳಗೆ ಸ್ಕೂಟರ್ ನಿಲ್ಲಿಸಿ ಕೂತಿದ್ದಾಗ ಮೇಲಿಂದ ನಗು ಕೇಳಿತು. ಎಂಟು ಜನರ ನಗುವಿನಲ್ಲಿ ಮಗನ ನಗು ಯಾವುದೆಂದು ಹೇಳಲು ಆ ಕಿವಿಗೆ ಅರೆಕ್ಷಣ ಸಾಕಾಯಿತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ವರ್ಷದ ಮೇಲಾಗಿತ್ತು ಆ ನಗು ಕೇಳಿ. ಖುಷಿಯಾಯಿತು, ಅದರ ಹಿಂದೆಯೇ ಹೊಟ್ಟೆಗೆ ಕಿಚ್ಚು ಬಿತ್ತು. ಹಾದಿಹೋಕರ ಜೊತೆ ನಗುತ್ತಾನೆ, ನನ್ನ ಜೊತೆ ಯಾಕಿಲ್ಲ? ಏನು ಹೇಳುತ್ತಾರೆ ಇವನಿಗೆ? ಇವನೇನು ಹೇಳುತ್ತಾನೆ? ತಿಳಿದರೆ ತಾನೂ ಮನೆಯಲ್ಲಿ ಹಾಗೇ ಮಾತಾಡಿಸಬಹುದಲ್ಲ?

ಬೇರೆ ಅಪ್ಪನಾಗಿದ್ದರೆ ಇದನ್ನು ನುಂಗಿಕೊಂಡು ಸುಮ್ಮನಿರುತ್ತಿದ್ದ, ಹೆಚ್ಚೆಂದರೆ ಮೇಡಂ ಹತ್ತಿರ ಹೋಗಿ ಹಲ್ಲು ಗಿಂಜುತ್ತಿದ್ದ. ಇವನ ಶೆಡ್ಡಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ರೆಕಾರ್ಡರ್ ಒಂದಿತ್ತು. ತಮ್ಮ ಭಾಷಣವನ್ನು ತಾವೇ ಮತ್ತೆ ಕೇಳಬೇಕೆನ್ನುವ ದೊಡ್ಡ ಮನುಷ್ಯರ ಜೇಬಿಗೆ ಸಿಕ್ಕಿಸಲು ತಂದದ್ದು. ಮುಂದಿನ ಬುಧವಾರ ಮಧ್ಯಾಹ್ನ, ಮರಿ ಸ್ನಾನಕ್ಕೆ ಹೋದಾಗ, ಮೈಕಣ್ಣ ಅವನ ಹೆಗಲುಚೀಲದ ಅಸ್ತರನ್ನು ಎರಡು ಬೆರಳಗಲ ಬಿಚ್ಚಿ ಅದನ್ನು ಒಳಗೆ ಕೂರಿಸಿದ. ಅದರ ಕೆಂಪು ದೀಪದ ಮೇಲೆ ಕಪ್ಪು ಟೇಪು ಹಚ್ಚಲು ಮರೆಯಲಿಲ್ಲ. ಕೆಲಸದಲ್ಲಿ ಅವನದು ಯಾವತ್ತೂ ಅಚ್ಚುಕಟ್ಟು.

ಸಂಜೆ ಶೆಡ್ಡಿನ ಬಾಗಿಲು ಹಾಕಿಕೊಂಡು ದೊಡ್ಡ ಹೆಡ್‌ಫೋನ್ ಏರಿಸಿಕೊಂಡ. ಕುರ್ಚಿ ಎಳೆದ ಸದ್ದು, ಬಿಸ್ಕತ್ತಿನ ಪೊಟ್ಟಣ ಹರಿದ ಸದ್ದು, ಮೇಡಂ ಮೆಲ್ಲಗೆ ಮಾತು ಶುರು ಮಾಡಿದ್ದು. ಸದಾ ಕೆಂಪು ಟೋಪಿ ಹಾಕಿಕೊಂಡು ಬರುವ ಹುಡುಗಿಯೊಬ್ಬಳನ್ನು ಮೆಟ್ಟಿಲ ಹತ್ತಿರ ನೋಡಿದ್ದ. ಗುಂಪಿನವರು ಅವಳನ್ನು ಟೋಪಿ ಎಂದೇ ಕರೆಯುತ್ತಿದ್ದರು. ಮದುವೆ ನಿಶ್ಚಯವಾದ ಹುಡುಗನಿಗೆ ತನ್ನ ಕಾಯಿಲೆಯ ವಿಷಯ ಇನ್ನೂ ಹೇಳಿಲ್ಲ, ಮಾತ್ರೆಗಳನ್ನು ಹೊಲಿಗೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೀನಿ ಎಂದು ಅವಳು ಹೇಳುತ್ತಿದ್ದಳು. ಇದು ತಾನು ಕೇಳಬಾರದ್ದು ಎಂದು ಮೈಕಣ್ಣನಿಗೆ ಗೊತ್ತಾಯಿತು. ಆದರೂ ಹೆಡ್‌ಫೋನ್ ತೆಗೆಯಲಿಲ್ಲ, ಮಗನ ಸರದಿ ಬರಬೇಕಿತ್ತಲ್ಲ.

ಬಂತು. "ನಲ್ಲಿ ಬಿಟ್ಕೊಂಡು ಪಕ್ಕದಲ್ಲಿ ನಿಂತ್ರೆ ನನಗೆ ಆ ದನಿಗಳು ಕೇಳಲ್ಲ" ಎನ್ನುತ್ತಿದ್ದ ಮರಿ. "ನೀರು ಪೋಲು ಮಾಡ್ತೀನಿ ಅಂತ ಅಜ್ಜಿ ಬೈತಾರೆ. ಯಾಕೆ ಅಂತ ಮನೇಲಿ ಯಾರಿಗೂ ಹೇಳಿಲ್ಲ. ದನಿ ಇನ್ನೂ ಇದೆ ಅಂತ ಗೊತ್ತಾದ್ರೆ ಅಮ್ಮ ಊಟ ಬಿಡ್ತಾಳೆ."

ಅನುಮಾನ ಬಂದಾಗ ಏನು ಮಾಡ್ತೀಯ ಎಂದು ಮೇಡಂ ಕೇಳಿದರು.

"ನಂಬಿಕೆ ಇರೋ ಒಬ್ಬರನ್ನ ಆರಿಸ್ಕೋ, ಅವರನ್ನ ಕೇಳು ಅಂದಿದ್ರಲ್ಲ. ನಾನು ಅಪ್ಪನ್ನ ಆರಿಸ್ಕೊಂಡಿದ್ದೀನಿ. ನನಗೋಸ್ಕರ ಅಂಗಡೀನೇ ಎತ್ಕೊಂಡು ಹೋದ ಅಪ್ಪ. ಅವನು ಇಲ್ಲ ಅಂದ್ರೆ ಇಲ್ಲ."

ಮೈಕಣ್ಣ ಶೆಡ್ಡಿನಲ್ಲಿ ಕೂತು ಚಿಕ್ಕ ಹುಡುಗನ ಹಾಗೆ ಅತ್ತ. ಅಲ್ಲಿಗೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಕದ್ದು ಕೇಳುವುದೂ ಒಂದು ಚಟ. ಮುಂದಿನ ಬುಧವಾರವೂ ಅದೇ ಕೆಲಸ ಮಾಡಿದ.

ಮಾರನೇ ದಿನ ರಾತ್ರಿ ಊಟದ ಹೊತ್ತು. ಅಜ್ಜಿ ತಟ್ಟೆ ಮುಂದೆ ಕೂತವಳೇ ರಾಗ ತೆಗೆದಳು.

"ಇವತ್ತು ಮತ್ತೆ ಅರ್ಧ ಗಂಟೆ ಬಚ್ಚಲಲ್ಲಿ ನೀರು ಹರೀತಾ ಇತ್ತು. ತೊಟ್ಟಿ ತಳ ಕಾಣ್ತಿದೆ. ಏನೋ ಮರಿ, ನಲ್ಲೀನ ಮದುವೆ ಆಗ್ತೀಯಾ?"

ಮರಿ ತಲೆ ತಗ್ಗಿಸಿದ.

"ಬಿಡಮ್ಮ" ಎಂದ ಮೈಕಣ್ಣ ಬ್ರೆಡ್ಡು ಮುರಿಯುತ್ತ. "ನಲ್ಲಿ ಸದ್ದಿದ್ರೆ ಅವನಿಗೆ ಆ ದನಿಗಳು ಕೇಳಲ್ಲ. ಹರಿದ್ರೆ ಹರೀಲಿ, ನೀರು ನಾನು ತುಂಬಿಸ್ತೀನಿ."

ಮಗನ ಪರವಾಗಿ ಆಡಿದ ಮಾತು ಅದು, ಆಡಿದವನಿಗೇ ಎಷ್ಟೋ ಹಗುರವೆನಿಸಿತು. ತಲೆಯೆತ್ತಿ ನೋಡಿದರೆ ಮರಿಯ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತ್ತು.

"ನಿನಗೆ ಹೇಗೆ ಗೊತ್ತು ಅದು?"

"ಏನು?"

"ನಲ್ಲೀದು. ನಾನು ಮನೇಲಿ ಯಾರಿಗೂ ಹೇಳಿಲ್ಲ."

"ನೀನೇ ಹೇಳಿದ್ಯಲ್ಲೋ ಮೊನ್ನೆ. ಸ್ಕೂಟರಲ್ಲಿ ಬರ್ತಾ."

"ಹೇಳಿದ್ನಾ?"

"ಹೇಳಿದೆ."

"ಹೇಳಿರ್ತೀಯ ಕಣೋ" ಎಂದಳು ಅಮ್ಮ, ಪಾಪ, ಏನೂ ಅರಿಯದೆ. "ಮಾತ್ರೆ ಮಂಪರಲ್ಲಿ ಮರ್ತಿರ್ತೀಯ. ಊಟ ಮಾಡು."

ಮರಿ ಎದ್ದು ಹೋಗಿ ಚೀಲವನ್ನು ತಂದು ನೆಲದ ಮೇಲೆ ಸುರಿದ. ರೆಕಾರ್ಡರ್ ಆಗಲೇ ಶೆಡ್ಡು ಸೇರಿತ್ತು. ಪೆನ್ನು, ನೀರಿನ ಬಾಟಲಿ, ಗುಂಪಿನ ಪುಸ್ತಕ ಬಿದ್ದವು. ಅಸ್ತರಿಗೆ ಕೈ ಹಾಕಿ ಬಿಚ್ಚಿದ ಹೊಲಿಗೆಯನ್ನು ಹುಡುಕಿದ.

"ನೋಡು ಅಜ್ಜಿ. ಇಲ್ಲಿ ಯಾರೋ ಕತ್ತರಿಸಿದ್ದಾರೆ. ಇಲ್ಲಿ ಏನೋ ಇಟ್ಟಿದ್ರು."

"ಹಳೇ ಚೀಲ ಮರಿ. ಹರಿದಿರುತ್ತೆ."

"ಹರಿದಿಲ್ಲ. ಕತ್ತರಿಸಿದ್ದಾರೆ."

ಅಮ್ಮ ಸೂಜಿ ದಾರ ತಂದು ಅಲ್ಲೇ ಕೂತು ಹೊಲಿದುಬಿಟ್ಟಳು. ಒಂದು ವರ್ಷದ ಹಿಂದೆ ಹೇಗೆ ಶುರುವಾಗಿತ್ತೋ ಹಾಗೇ ಮತ್ತೆ ಶುರುವಾಯಿತು ಎಂದು ಅವಳ ಭಯ.

ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋದರು. ಚೀಲದಲ್ಲಿ ಯಂತ್ರ ಇಟ್ಟಿದ್ದರು ಎನ್ನುತ್ತಾನೆ, ರಾತ್ರಿಯಿಂದ ಊಟ ಮಾಡಿಲ್ಲ ಎಂದು ಅಮ್ಮ ಹೇಳಿದಳು. ಮೈಕಣ್ಣ ಪಕ್ಕದ ಕುರ್ಚಿಯಲ್ಲೇ ಇದ್ದ. ಡಾಕ್ಟರು ಅವನ ಮುಖವನ್ನೂ ನೋಡಿದರು, ಮನೆಯಲ್ಲಿ ಅಂಥದ್ದು ಏನೂ ನಡೆದಿಲ್ಲ ತಾನೆ ಎಂದು ಕೇಳಿದರು. ಇಲ್ಲ ಸರ್ ಎಂದ. ಮಾತ್ರೆ ಒಂದು ಇದ್ದದ್ದು ಎರಡಾಯಿತು.

ಆ ಬುಧವಾರ ಮರಿ ಖಾಲಿ ಕೈಯಲ್ಲಿ ಗುಂಪಿಗೆ ಹೋದ. ಬರುವಾಗ ಒಂದು ಹಾಳೆ ತಂದಿದ್ದ. ಅದನ್ನು ಊಟದ ಮೇಜಿನ ಮೇಲೆ ಹರಡಿ, ತಾನಾಗಿಯೇ, ಅಪ್ಪನನ್ನು ಕೂರಿಸಿಕೊಂಡ. ಮಗ ಹೀಗೆ ಪಕ್ಕದಲ್ಲಿ ಕೂತು ಮಾತಾಡಲಿ ಎಂದು ಮೈಕಣ್ಣ ಎಷ್ಟು ದಿನ ಹಂಬಲಿಸಿದ್ದನೋ.

"ಈ ಕಡೆ, ನನ್ನ ಅನುಮಾನ ನಿಜ ಅನ್ನೋಕೆ ಏನೇನಿದೆ ಅಂತ ಬರೀಬೇಕು. ಈ ಕಡೆ, ಸುಳ್ಳು ಅನ್ನೋಕೆ ಏನೇನಿದೆ ಅಂತ. ಕೆಳಗೆ, ನೂರಕ್ಕೆ ಎಷ್ಟು ನಂಬ್ತೀನಿ ಅಂತ."

ಒಂದು ಕಡೆ ಬರೆದಿದ್ದ: ನಲ್ಲಿಯ ವಿಷಯ ಅಪ್ಪನಿಗೆ ಗೊತ್ತಿತ್ತು. ಅಸ್ತರು ಕತ್ತರಿಸಿದೆ. ಇನ್ನೊಂದು ಕಡೆ: ಹಿಂದೆಯೂ ನನಗೆ ಹೀಗೆ ಅನಿಸಿ ಅದು ಸುಳ್ಳಾಗಿತ್ತು. ಕೆಳಗೆ ಎಂಬತ್ತು ಎಂದಿತ್ತು.

"ಕೊನೇಲಿ ನಂಬಿಕೆ ಇರೋರನ್ನ ಕೇಳಬೇಕು" ಎಂದ ಮರಿ. "ಅಪ್ಪ, ನನ್ನ ಚೀಲದಲ್ಲಿ ಯಾರಾದ್ರೂ ಏನಾದ್ರೂ ಇಟ್ಟಿದ್ರಾ?"

ಒಲೆಯ ಮುಂದೆ ನಿಂತಿದ್ದ ಹೆಂಡತಿ ಕಣ್ಣಲ್ಲೇ ಗಂಡನನ್ನು ಬೇಡಿಕೊಂಡಳು: ಇಲ್ಲ ಅನ್ನಿ. ಮೈಕಣ್ಣನಿಗೆ ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ನಿಜ ಹೇಳಿದರೆ ಮಗ ಅಲ್ಲೇ ಕುಸಿದುಹೋಗುತ್ತಾನೆ ಎಂದುಕೊಂಡ. ಹಾಗೆಂದು ತನಗೆ ತಾನೇ ಹೇಳಿಕೊಂಡ. ಅದಕ್ಕಿಂತ ಹೆಚ್ಚಾಗಿ, ನಾಚಿಕೆಯಿಂದ ಸತ್ತುಹೋಗುತ್ತಿದ್ದ. ಮಗನ ಹೆಗಲ ಮೇಲೆ ಕೈ ಇಟ್ಟ.

"ಇಲ್ಲ, ಮರಿ. ಯಾರೂ ಏನೂ ಇಟ್ಟಿರ್ಲಿಲ್ಲ."

ಮರಿ ಅದನ್ನು ಬರೆದುಕೊಂಡ: ಅಪ್ಪ ಇಲ್ಲ ಅಂದ. ಎಂಬತ್ತನ್ನು ಹೊಡೆದುಹಾಕಿ ಐವತ್ತು ಮಾಡಿದ.

ಆಮೇಲಿನ ಮೂರು ವಾರ ಆ ಮನೆ ಹೇಗಿತ್ತೆಂದರೆ, ಅನ್ನದ ಪಾತ್ರೆ ಇಳಿಸಿದ ಸದ್ದಿಗೂ ಎಲ್ಲರೂ ಬೆಚ್ಚುತ್ತಿದ್ದರು. ಎರಡು ಮಾತ್ರೆ ಮರಿಯನ್ನು ಹಿಂಡಿಹಾಕಿದವು. ಹತ್ತು ಗಂಟೆಯಾದರೂ ಏಳುತ್ತಿರಲಿಲ್ಲ. ಎದ್ದರೆ ಕೈ ನಡುಗಿ ಚಹಾ ತಟ್ಟೆಗೆ ಚೆಲ್ಲುತ್ತಿತ್ತು, ತುಟಿಯ ಕೊನೆಯಲ್ಲಿ ಜೊಲ್ಲು ಇಳಿಯುತ್ತಿತ್ತು. ಅಜ್ಜಿ ಸೆರಗಿನಿಂದ ಒರೆಸುವಳು, ತಮಾಷೆ ಮಾಡುವುದನ್ನು ಬಿಟ್ಟಿದ್ದಳು. ನಲ್ಲಿ ತಾನಾಗಿಯೇ ತಿರುಗಿಸಿಟ್ಟು, "ಬಾರೋ, ನೀರು ಹರೀತಿದೆ, ನಿಂತ್ಕೋ" ಎಂದು ಕರೆಯುವಳು. ಅವನು ಬರುತ್ತಿರಲಿಲ್ಲ. ಆಲೂಗಡ್ಡೆ ಸುಲಿಯಲು ಕೂತರೆ ಚಾಕು ಜಾರುತ್ತಿತ್ತು. ಅಮ್ಮ ಚಾಕುಗಳನ್ನೆಲ್ಲ ಮೇಲಿನ ಕಪಾಟಿಗೆ ಏರಿಸಿದಳು.

ಗಂಡ ಹೆಂಡತಿಗೆ ದಿನಾ ಜಗಳ.

"ಮಾತ್ರೆ ಜಾಸ್ತಿಯಾಯ್ತು, ಡಾಕ್ಟರಿಗೆ ಹೇಳೋಣ" ಎನ್ನುವನು ಮೈಕಣ್ಣ.

"ಕಮ್ಮಿ ಮಾಡಿ ಮತ್ತೆ ಕತ್ತರಿ ಹಿಡಿದ್ರೆ? ನೀವು ಬೆಳಗಾದ್ರೆ ಶೆಡ್ಡಿಗೆ ಹೋಗ್ತೀರ. ಮನೇಲಿರೋದು ನಾನು, ಅತ್ತೆ."

"ಅವನು ಕತ್ತರಿ ಹಿಡಿಯಲ್ಲ."

"ನಿಮಗೇನು ಗೊತ್ತು? ಚೀಲದಲ್ಲಿ ಯಂತ್ರ ಕಂಡೋನಿಗೆ ನಾಳೆ ಗೋಡೇಲೂ ಕಾಣುತ್ತೆ."

ಮೈಕಣ್ಣ ಸ್ಕೂಟರ್ ಹತ್ತಿ ಹೊರಡುವನು. ಶೆಡ್ಡಿನಲ್ಲಿ ರೆಕಾರ್ಡರಿನೊಳಗಿನ ಮಾತುಗಳನ್ನು ಅಳಿಸಿಹಾಕಿದ. ಯಂತ್ರವನ್ನು ಎಸೆಯಲು ಕೈ ಬರಲಿಲ್ಲ, ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ. ಇವತ್ತು ಹೇಳಬೇಕು ಎಂದು ಮನೆಗೆ ಬರುವನು, ನಾಳೆ ಹೇಳಿದರಾಯಿತು ಎಂದು ಮಲಗುವನು. ಒಂದು ಬುಧವಾರ ಮೆಟ್ಟಿಲ ಹತ್ತಿರ ಕೆಂಪು ಟೋಪಿಯ ಹುಡುಗಿ ಎದುರಾಗಿ, "ನಮಸ್ಕಾರ ಅಂಕಲ್, ಮರಿ ತುಂಬಾ ಪ್ರಯತ್ನ ಪಡ್ತಿದ್ದಾನೆ, ನಾವೆಲ್ಲ ಅವನ ಜೊತೆ ಇದ್ದೀವಿ" ಎಂದಳು. ಅವನು ಸ್ಕೂಟರಿನ ಚಕ್ರ ನೋಡುತ್ತ ನಿಂತ.

ಪ್ರಯತ್ನವನ್ನು ಮರಿ ನಿಜವಾಗಿಯೂ ಪಟ್ಟ. ಪ್ರತಿ ವಾರ ಹಾಳೆ ಮನೆಗೆ ಬರುತ್ತಿತ್ತು. ಐವತ್ತು ಮೂವತ್ತಾಯಿತು, ಮೂವತ್ತು ಹದಿನೈದಾಯಿತು. ತನ್ನ ತಲೆಯೊಳಗಿದ್ದ ಒಂದೇ ಒಂದು ನಿಜವನ್ನು ಹುಡುಗ ಕಷ್ಟಪಟ್ಟು, ದಿನವೂ ಕೂತು, ಅಳಿಸುತ್ತಿದ್ದ. ಅವನು ಗೆದ್ದಷ್ಟೂ ಅಪ್ಪನ ಎದೆ ಒಡೆಯುತ್ತಿತ್ತು.

ಮೂರನೇ ವಾರದ ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು. ಅನ್ನ, ಬೇಯಿಸಿದ ಸೊಪ್ಪು, ಮೊಟ್ಟೆ. ಮರಿ ಎರಡು ತುತ್ತು ತಿಂದು ಚಮಚ ಕೆಳಗಿಟ್ಟ.

"ನಾನೊಂದು ವಿಷಯ ಹೇಳ್ಬೇಕು. ಗುಂಪಲ್ಲಿ ಅಭ್ಯಾಸ ಮಾಡ್ಕೊಂಡು ಬಂದಿದ್ದೀನಿ." ನಾಲಿಗೆ ಮಂದವಾಗಿ, ಮಾತು ನಿಧಾನವಾಗಿ ಬರುತ್ತಿತ್ತು. "ಅದು ಸೊನ್ನೆ ಆಯ್ತು. ಚೀಲದಲ್ಲಿ ಏನೂ ಇರ್ಲಿಲ್ಲ. ನಲ್ಲಿ ವಿಷಯ ನಾನೇ ಹೇಳಿ ಮರ್ತಿದ್ದೆ. ಕಾಯಿಲೆ ಹಂಗೆ ತೋರಿಸ್ತು ನನಗೆ. ಅಪ್ಪ, ನಿನ್ನ ಮೇಲೆ ಅನುಮಾನ ಪಟ್ಟೆ. ತಪ್ಪಾಯ್ತು. ಕ್ಷಮಿಸು."

ಅಮ್ಮ ಕಣ್ಣೊರೆಸಿಕೊಂಡಳು. "ನನ್ನ ಬಂಗಾರ" ಎಂದಳು ಅಜ್ಜಿ. ಎಲ್ಲರೂ ಮೈಕಣ್ಣನ ಕಡೆ ನೋಡಿದರು, ಮಗನ ಬೆನ್ನು ತಟ್ಟಲಿ ಎಂದು.

ಮೈಕಣ್ಣ ಅಂಗಿಯ ಜೇಬಿಗೆ ಕೈ ಹಾಕಿ ರೆಕಾರ್ಡರ್ ತೆಗೆದು ಉಪ್ಪಿನ ಡಬ್ಬಿಯ ಪಕ್ಕ ಇಟ್ಟ.

"ಇಟ್ಟಿದ್ದು ನಾನು" ಎಂದ. "ಎರಡು ಬುಧವಾರ. ನೀನು ಅಲ್ಲಿ ಏನು ಮಾತಾಡ್ತೀಯ ಅಂತ ಕೇಳೋ ಆಸೆಗೆ. ನೀನು ನನಗೇನೂ ಹೇಳಿರ್ಲಿಲ್ಲ. ಅಸ್ತರು ಬಿಚ್ಚಿದ್ದೂ ನಾನೇ."

ಅಜ್ಜಿ ಅದೇನೆಂದು ಬಗ್ಗಿ ನೋಡಿದಳು.

"ರೀ, ಅವನ ಸಮಾಧಾನಕ್ಕೆ ಏನೇನೋ ಹೇಳ್ಬೇಡಿ" ಎಂದಳು ಹೆಂಡತಿ.

"ಸಮಾಧಾನಕ್ಕಲ್ಲ. ನಿಜ."

ಅವಳು ಆ ಕಪ್ಪು ವಸ್ತುವನ್ನೂ ಗಂಡನ ಮುಖವನ್ನೂ ನೋಡಿದಳು. "ಡಾಕ್ಟರ ಮುಂದೆ ಕೂತಿದ್ರಲ್ಲ ನೀವು. ನನ್ನ ಪಕ್ಕದಲ್ಲೇ ಕೂತಿದ್ರಿ. ಮಗುಗೆ ಎರಡೆರಡು ಮಾತ್ರೆ ನನ್ನ ಕೈಯಾರೆ ನುಂಗಿಸಿದೆನಲ್ಲ."

"ಹೌದು."

"ಇಷ್ಟು ದಿನ ಬಾಯಿ ಹೊಲ್ಕೊಂಡಿದ್ರಾ?"

"ಹೇಳೋಕೆ ಆಗ್ಲಿಲ್ಲ."

"ಏನ್ ಮನುಷ್ಯನೋ ನೀನು" ಎಂದಳು ಅಜ್ಜಿ ಮಗನಿಗೆ.

ಮರಿ ಮಾತ್ರ ಕೂಗಾಡಲಿಲ್ಲ. ಕೂಗಿದ್ದರೆ, ಎದ್ದು ಹೊಡೆದಿದ್ದರೆ ಮೈಕಣ್ಣನಿಗೆ ಬದುಕಿಕೊಂಡೆ ಎನಿಸುತ್ತಿತ್ತು. ಹುಡುಗ ರೆಕಾರ್ಡರನ್ನು ಮುಟ್ಟಿದ, ದೀಪದ ಮೇಲಿನ ಟೇಪನ್ನು ಉಗುರಿನಿಂದ ಕೆರೆದು ನೋಡಿದ.

"ಟೋಪಿ ಹೇಳಿದ್ದೂ ಕೇಳಿದ್ಯಾ?"

"ಕೇಳ್ದೆ."

"ಎಲ್ಲರದ್ದೂ?"

"ಎಲ್ಲರದ್ದೂ. ಈಗ ಅಳಿಸಿಬಿಟ್ಟಿದ್ದೀನಿ. ಬುಧವಾರ ನಾನೇ ಬಂದು ಅವರ ಮುಂದೆ ತಪ್ಪು ಒಪ್ಕೋತೀನಿ. ಡಾಕ್ಟರಿಗೂ ಹೇಳ್ತೀನಿ, ನಾಳೇನೇ."

ಮರಿ ತಲೆಯಾಡಿಸಿದ, ಬೇರೇನೋ ಲೆಕ್ಕ ಹಾಕುತ್ತಿರುವವನ ಹಾಗೆ. ಆಮೇಲೆ ಕೇಳಿದ.

"ಹಾಗಾದ್ರೆ ಅದಕ್ಕೂ ಮುಂಚಿನದು? ಅಂಗಡಿ ಮೈಕಿಂದು? ಕಿಟಕಿ ಹೊರಗಿಂದು?"

"ಅದ್ಯಾವ್ದೂ ಇಲ್ಲ, ಮರಿ. ಅದು ಕಾಯಿಲೆ. ಇದೊಂದೇ ನಿಜ. ನನ್ನ ಮಾತು ನಂಬು."

"ನಂಬೋಕೆ ನನಗೂ ಆಸೆ ಇದೆ, ಅಪ್ಪ." ಆ ದನಿಯಲ್ಲಿ ಸಿಟ್ಟಿರಲಿಲ್ಲ, ದಾರಿ ಕೇಳುವವನ ದನಿ ಅದು. "ಅನುಮಾನ ಬಂದಾಗೆಲ್ಲ ನಿನ್ನನ್ನ ಕೇಳ್ತಿದ್ದೆ. ಇನ್ಮೇಲೆ ಯಾರನ್ನ ಕೇಳ್ಲಿ?"

ಮರಿ ಕೇಳಿದ ಪ್ರಶ್ನೆಗೆ ಉತ್ತರ ಬರುತ್ತದೆಂದು ಕಾಯುತ್ತ, ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕೂತಿದ್ದ. ಅಮ್ಮ ಅವನ ತಟ್ಟೆಯಲ್ಲಿ ಆರಿಹೋಗಿದ್ದ ಅನ್ನ ತೆಗೆದು ಬಿಸಿ ಅನ್ನ ಹಾಕಿದಳು.